ಆಯೀನ್ನ ಕರ್ಕೊಂಡು ಬಾ

ಖಿಚಡಿ ತಳ ಹತ್ತುತ್ತಿದೆ, ಯಾರೂ ನೋಡುತ್ತಿಲ್ಲ, ಅರಿಶಿನದ ವಾಸನೆಯ ಅಡಿಯಿಂದ ಆ ಕರಕಲು ವಾಸನೆ ಸಣ್ಣಗೆ ಎದ್ದು ಶಾಲೆಯ ಉದ್ದ ಪಡಸಾಲೆ ದಾಟಿ ನಾನು ಕುಳಿತ ಬೆಂಚಿನ ತನಕ ಬಂದಿದೆ, ಅಡುಗೆಯ ಮಾವಶಿ ಮಾತ್ರ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ಯಾರೊಂದಿಗೋ ನಗುತ್ತಿದ್ದಾಳೆ, ಎದ್ದು ಹೋಗಿ ಹೇಳಲೇ, ಉರಿ ತಗ್ಗಿಸು ತಂಗಿ ಅನ್ನಲೇ — ಇಲ್ಲ, ಏಳುವುದಿಲ್ಲ, ಎದ್ದರೆ ಮುದುಕಿ ಬೇಸತ್ತು ಮನೆಗೆ ಹೊರಟಳು ಅಂದುಕೊಳ್ಳುತ್ತಾರೆ, ನೀಲಿಮಾ ಬಾಯಿ ಆಗಲೇ ಬಾಗಿಲಿಗೆ ಬಂದು ನೋಡಿ ಹೋದರು, ಇಲ್ಲಿ ಕಲಿಸುವ ಹೆಂಗಸಿಗೆ ಬಾಯಿ ಅನ್ನುತ್ತಾರೆ, ನಮ್ಮ ಬಾಯಿ ಬೇರೆ, ಉಣ್ಣುವುದು, ಮಾತಾಡುವುದು, ಯಾರಾದರೂ ನಕ್ಕರೆ ಮುಚ್ಚಿಕೊಳ್ಳುವುದು, ನನ್ನ ಮೊಮ್ಮಗಳು ಮಾಯಾ ಮುಚ್ಚಿಕೊಂಡ ಹಾಗೆ. ಬೆಳಿಗ್ಗೆ ಇಳಕಲ್ ಸೀರೆ ಉಟ್ಟು ಅವರ ಮುಂದೆ ಹೋಗಿ ನಿಂತಾಗ ಆ ಬಾಯಿ ಬೈಯಲಿಲ್ಲ, ಒಳ್ಳೆಯ ಹೆಣ್ಣು, ಕುರ್ಚಿಯಿಂದ ಅರ್ಧ ಎದ್ದೇ ಕೇಳಿದರು, ಆಜೀ, ತುಮ್ಹೀ ನಾಹೀ, ಆಯಿ ಕುಠೇ, ಅಜ್ಜೀ, ನೀವಲ್ಲ, ಆಯಿ ಎಲ್ಲಿ ಅಂತ, ನಾನೂ ಅವರ ಮರಾಠಿಯಲ್ಲೇ ಹೇಳಿದೆ, ಮೀಚ್ ಆಯಿ, ನಾನೇ ಆಯಿ. ಅವರಿಗೆ ಅರ್ಥವಾಗಲಿಲ್ಲ. ನನಗೆ ಗೊತ್ತಿತ್ತು ಅರ್ಥವಾಗುವುದಿಲ್ಲ ಅಂತ, ಇಷ್ಟು ಕಾಲ ಈ ಪುಣೆಯ ಮಣ್ಣು ಹೊತ್ತವಳಿಗೆ ಗೊತ್ತಿಲ್ಲವೇ, ಇಲ್ಲಿ ಆಯಿ ಅಂದರೆ ಹೆತ್ತವಳು, ನಮ್ಮ ಯಾದಗಿರಿ ಕಡೆ ಆಯಿ ಅಂದರೆ ಹೆತ್ತವರನ್ನು ಹೆತ್ತವಳು, ಹೆತ್ತವಳಿಗೆ ಅವ್ವ. ನಿನ್ನೆ ಮಾಯಾ ಚೀಲ ಇಳಿಸುತ್ತಲೇ ನನ್ನ ಸೆರಗು ಹಿಡಿದು, ಆಯಿ, ನಾಳಿ ಆಯೀನ್ನ ಕರ್ಕೊಂಡು ಬಾ ಅಂದಾರ ಬಾಯಿ, ನಿನ್ನ ಕರೀಲತ್ತಾರ ಅಂದಳು, ರೊಟ್ಟಿ ಮುರಿಯುತ್ತಿದ್ದ ನನ್ನ ಮಗ ಧರ್ಮರಾಜ ನಕ್ಕು, ಅವ್ವಾ, ಅವರು ಕರ್ದದ್ದು ಶರಣಮ್ಮಗ, ನಿನಗಲ್ಲ ಅಂದ. ಹೆಸರು ನಂದು ಹೇಳ್ಯಾರ, ನಾ ಹೋಗ್ತೀನಿ ಅಂದೆ ನಾನು. ಈಗ ಬಾಯಿ ಫೋನು ಮಾಡಿ ನನ್ನ ಸೊಸೆ ಶರಣಮ್ಮನನ್ನೇ ಕರೆಸುತ್ತಿದ್ದಾರೆ, ಭೋಸರಿಯ ಕಾರ್ಖಾನೆಯಿಂದ ಅರ್ಧ ರಜೆ ಬೇಡಿ ಬರಬೇಕು ಅವಳು, ಬರಲಿ, ನನ್ನನ್ನು ಊರಿಗೆ ಕಳಿಸುವ ಮಾತು ಇವತ್ತು ನನ್ನ ಮುಂದೆಯೇ ಆಗಲಿ, ಬೆನ್ನ ಹಿಂದೆ ಬೇಡ.

ಐತವಾರದ ರೈಲಿಗೆ ತಿಕೀಟು ತೆಗೆಸಿದ್ದಾನೆ ಧರ್ಮರಾಜ, ಪರೀಕ್ಷಾ ಮುಗಿಯೋತನಕ ಅಷ್ಟೇ ಅವ್ವಾ, ಕಾಕಾನ ಮನಿಯಾಗ ಇದ್ದು ಬಾ, ಮಾಯಾನ ಸಲುವಾಗಿ, ಅಂದಾಗ ನನ್ನ ಮುಖ ನೋಡಲಿಲ್ಲ ಅವನು, ಪಾಲಕರ ಸಭೆಯಲ್ಲಿ ಹೇಳಿದ್ದರಂತೆ, ಮಕ್ಕಳು ಮುಂದೆ ಬರಬೇಕಾದರೆ ಮನೆಯಲ್ಲಿ ಟಿವಿ ಆರಿಸಿ, ಓದಲು ಬೇರೆ ಜಾಗ ಕೊಡಿ, ದಿನಾ ಮಾತಾಡಿಸಿ, ಎಲ್ಲವೂ ಸರಿ, ಎಲ್ಲರೂ ಎದ್ದ ಮೇಲೆ ಶರಣಮ್ಮನನ್ನು ಮಾತ್ರ ನಿಲ್ಲಿಸಿ, ಮರಾಠಿಯಲ್ಲೇ ಮಾತಾಡಿಸಿ, ಹುಡುಗಿ ಬಾಯಿ ಬಿಡುತ್ತಿಲ್ಲ, ಅಜ್ಜಿಯ ಕಾನಡಿಯಿಂದ, ಕನ್ನಡದಿಂದ, ಗೊಂದಲವಾಗಿದೆ, ಕೆಲವು ತಿಂಗಳು ಅಜ್ಜಿ ಊರಲ್ಲಿದ್ದರೆ ಒಳ್ಳೆಯದು ಅಂದರಂತೆ. ಗೊಂದಲ ನಾನಂತೆ. ಹುಡುಗಿ ಬಾಯಿ ಮುಚ್ಚಿದ್ದು ಯಾವತ್ತು ಅಂತ ಯಾರೂ ಕೇಳಲಿಲ್ಲ, ನನಗೆ ಗೊತ್ತು, ಮನೆಗೆ ಬಂದು ಅವಳೇ ಹೇಳಿದ್ದು, ಹಲ್ಲು ಬಿದ್ದ ವಾರ, ಮೇಲಿನ ಮುಂದಿನ ಹಲ್ಲು, ಬಿದ್ದದ್ದನ್ನು ಸಗಣಿಯಲ್ಲಿಟ್ಟು ಮಾಳಿಗೆಗೆ ಎಸೆಯಬೇಕು, ಭೋಸರಿಯಲ್ಲಿ ಸಗಣಿ ಎಲ್ಲಿ, ಹಿಟ್ಟಿನ ಉಂಡೆಯಲ್ಲಿಟ್ಟು ಎಸೆದೆವು, ತಗಡು ಟಣ್ ಅಂದಿತು, ಯಾರೋ ಕಲ್ಲು ಹೊಡೆದರು ಅಂತ ಪಕ್ಕದ ಮನೆಯವರು ಹೊರಗೆ ಬಂದರು, ನಾವಿಬ್ಬರೂ ಒಳಗೆ ಓಡಿ ಬಾಗಿಲು ಹಾಕಿ ನಕ್ಕದ್ದೇ ನಕ್ಕದ್ದು, ಅವಳ ಬಾಯಲ್ಲಿ ಕಿಂಡಿ, ಕೆಂಪಗೆ, ಆ ಕಿಂಡಿಯಲ್ಲಿ ನಾಲಗೆಯ ತುದಿ ಇಣುಕುತ್ತಿತ್ತು, ಆಯಿ, ನಾನೂ ಈಗ ನಿನ್ನಂಗ ಅಂದಳು. ಮರುದಿನ ತರಗತಿಯಲ್ಲಿ ಮಾಝೀ ಆಯಿ ಅಂತ ಒಬ್ಬೊಬ್ಬರೇ ಎದ್ದು ಹೇಳಬೇಕಿತ್ತು, ನನ್ನ ಆಯಿ ಚೆಂದ ಇದ್ದಾಳೆ, ನನ್ನ ಆಯಿ ಲಾಡು ಮಾಡುತ್ತಾಳೆ, ಎಲ್ಲ ಮಕ್ಕಳೂ ಹೇಳಿ ಮುಗಿಸಿದರು, ನಮ್ಮವಳು ಎದ್ದು ನಿಂತು, ಮಾಝ್ಯಾ ಆಯೀಲಾ ದಾತ ನಾಹೀತ, ನನ್ನ ಆಯಿಗೆ ಹಲ್ಲಿಲ್ಲ. ನಕ್ಕರು. ಕೇಳಿಸಲಿಲ್ಲವೇನೋ ಅಂದುಕೊಂಡು ಅವಳು ಇನ್ನೂ ಗಟ್ಟಿಯಾಗಿ, ನನ್ನ ಆಯಿ ರೊಟ್ಟಿ ಬೇಳೆಯಲ್ಲಿ ನೆನೆಸಿ ತಿನ್ನುತ್ತಾಳೆ, ನನ್ನ ಆಯಿ ಬೈದರೆ ನನ್ನ ಅಪ್ಪ ಹೊರಗೆ ಹೋಗಿ ಕೂಡುತ್ತಾನೆ — ಇನ್ನೂ ನಕ್ಕರು, ಯಾವುದೋ ಮಗು ಕೂಗಿತು, ಇವಳಿಗೂ ಹಲ್ಲಿಲ್ಲ ನೋಡ್ರೋ, ಮತ್ತು ಆ ಬಾಯಿ ಇವಳು ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡು, ಪುರೇ, ಖಾಲೀ ಬಸ್, ಸಾಕು, ಕೂತುಕೋ. ಕೂತಳು. ತುಟಿ ಒಳಗೆ ಮಡಚಿ ಕೂತವಳು ಇನ್ನೂ ಬಿಡಿಸಿಲ್ಲ, ಶಾಲೆಯಲ್ಲಿ. ಹೇಳಿದ್ದರಲ್ಲಿ ಸುಳ್ಳು ಯಾವುದಿತ್ತು, ಹಲ್ಲಿಲ್ಲ, ರೊಟ್ಟಿ ನೆನೆಸುತ್ತೇನೆ, ಮಗನನ್ನು ಬೈಯುತ್ತೇನೆ, ಎಲ್ಲ ನಿಜವೇ, ಅಷ್ಟು ಮಕ್ಕಳಲ್ಲಿ ತನ್ನ ಮನೆಯನ್ನು ಕಣ್ಣಿಟ್ಟು ನೋಡಿ ಹೇಳಿದವಳು ಅವಳೊಬ್ಬಳೇ.

ಮಾವಶಿ ಒಳಗೆ ಹೋದಳು, ಸೌಟು ತಳಕ್ಕೆ ಬಡಿಯುವ ಸದ್ದು, ತಡವಾಯಿತು ತಂಗಿ, ತಳ ಕೆರೆಯಬೇಡ, ಕೆರೆದರೆ ಕಹಿಯೆಲ್ಲ ಮೇಲೆ ಬರುತ್ತದೆ — ಮೇಲೆ ಬರುತ್ತಿದೆ, ಪುಣೆಯ ಅಂಚಿನ ವಾಕಡ, ಆಗ ವಾಕಡದಲ್ಲಿ ಈ ಎತ್ತರದ ಕಟ್ಟಡಗಳಿರಲಿಲ್ಲ, ನಾವು ಕಟ್ಟುತ್ತಿದ್ದೆವು, ತಲೆಯ ಮೇಲೆ ಸಿಮೆಂಟಿನ ಬುಟ್ಟಿ, ಕೆಳಗೆ ಉಸುಕಿನ ಗುಡ್ಡೆಯಲ್ಲಿ ಧರ್ಮರಾಜ, ಮಾಯಾಳಷ್ಟೇ ಇದ್ದ, ಹತ್ತಿರದ ಶಾಲೆಗೆ ಹಾಕಿದ್ದೆ, ಅವನಿಗೂ ಅಲ್ಲಿಯ ಮಾಸ್ತರರು ಹೇಳಿದ್ದರಂತೆ, ಆಯೀನ್ನ ಕರೆದುಕೊಂಡು ಬಾ ಅಂತ, ಅವನು, ಆಯಿ ಊರಾಗದಾಳ ಅಂದ, ಅವನ ಆಯಿ ಅಂದರೆ ನನ್ನ ಅತ್ತೆ, ಅವರು ಊರಲ್ಲಿದ್ದದ್ದು ಖರೆ, ಮಾಸ್ತರರು ಇವನು ತಾಯಿ ಹತ್ತಿರ ಇಲ್ಲದ ಮಗು, ಕರೆಸಲು ಯಾರೂ ಇಲ್ಲ ಅಂದುಕೊಂಡು ಹಿಂದಿನ ಸಾಲಿಗೆ ಕೂಡಿಸಿದರು, ಮೂರನೇ ಮಾಳಿಗೆಯ ಮೇಲೆ ತಾಯಿ ನಿಂತಿದ್ದಳು, ಶಾಲೆಯ ಕಿಟಕಿಯಿಂದ ಕೂಗಿದರೆ ಕೇಳಿಸುತ್ತಿತ್ತು, ಕೂಗಿದರೆ ತಾನೇ. ಹಿಂದಿನ ಸಾಲಿನಿಂದ ಬಾಗಿಲಿಗೆ, ಬಾಗಿಲಿನಿಂದ ಉಸುಕಿಗೆ, ಉಸುಕಿನಿಂದ ಕಾರ್ಖಾನೆಯ ಪ್ರೆಸ್ಸಿನ ಯಂತ್ರಕ್ಕೆ, ಹೀಗೆ ಹೋದ ನನ್ನ ಮಗ, ನಿನ್ನೆ ನಗುತ್ತಿದ್ದವನು ತುತ್ತು ಹಿಡಿದ ಕೈ ಹಾಗೆಯೇ ನಿಲ್ಲಿಸಿ ಇದನ್ನು ಹೇಳಿದ, ನಂಗೂ ಹಿಂಗೇ ಅಂದಿದ್ರು ಅವ್ವಾ, ಇಷ್ಟು ವರ್ಷದಲ್ಲಿ ಮೊದಲ ಸಲ ಹೇಳಿದ, ಆಗಲೇ ನಾನು ಪೆಟ್ಟಿಗೆಯಿಂದ ಸೀರೆ ತೆಗೆದಿಟ್ಟೆ. ಒಂದೇ ಮಾತು ಒಂದು ಮನೆಯಲ್ಲಿ ಎರಡು ಮಕ್ಕಳನ್ನು ತಿನ್ನಬಾರದು, ನಾನು ಬಿಡುವುದಿಲ್ಲ. ನನಗೆ ಅಕ್ಷರ ಅಷ್ಟಕ್ಕಷ್ಟೇ, ನಮ್ಮ ಊರ ಶಾಲೆಯಲ್ಲಿ ಅ ಆ ಇ ಈ ಮುಗಿಯುವ ಮೊದಲೇ ತಮ್ಮನನ್ನು ಸೊಂಟಕ್ಕೆ ಏರಿಸಿ ಮನೆಗೆ ಕರೆದರು, ಆದರೆ ಕಥೆ ಗೊತ್ತು, ಕಥೆಗೆ ಹ್ಞೂಂ ಅನ್ನುವುದು ಗೊತ್ತು, ಹ್ಞೂಂ ಅನ್ನದಿದ್ದರೆ ಹೇಳುವವರು ಮುಂದೆ ಹೋಗುವುದಿಲ್ಲ, ಮೊದಲು ನಾನು ಹೇಳುತ್ತಿದ್ದೆ, ಮಾಯಾ ಹ್ಞೂಂ ಅನ್ನುತ್ತಿದ್ದಳು, ಶಾಲೆಗೆ ಹಾಕಿದ ಮೇಲೆ ತಿರುಗಿಸಿದೆ, ನೀ ಓದು, ನಾ ಹ್ಞೂಂ ಅಂತೀನಿ. ಸಂಜೆ ಟ್ರಂಕಿನ ಮೇಲೆ ಪುಸ್ತಕ ಬಿಚ್ಚಿ ಮರಾಠಿ ಓದುತ್ತಾಳೆ, ನನಗಾಗಿ ಕನ್ನಡದಲ್ಲಿ ಹೇಳುತ್ತಾಳೆ, ಸಾಲು ಹಾರಿಸಿದರೆ ಕಥೆಗೆ ಕಿಂಡಿ ಬೀಳುತ್ತದೆ, ಮೊಲ ಈಗಷ್ಟೇ ಹೊಳೆಯ ಆಚೆಗಿತ್ತಲ್ಲ, ಈಚೆಗೆ ಹ್ಯಾಂಗ ಬಂತು ಅಂತ ಕೇಳುತ್ತೇನೆ, ನಾಲಗೆ ಕಚ್ಚಿಕೊಂಡು ಹಿಂದಕ್ಕೆ ಹೋಗಿ ಮತ್ತೆ ಓದುತ್ತಾಳೆ. ಟಿವಿ ಆರಿಸುವುದೂ ನಾನೇ, ಅವ್ವಾ, ಒಂದೇ ಓವರ್ ಅನ್ನುತ್ತಾನೆ ಧರ್ಮರಾಜ, ಮೆಟ್ಲ ಮ್ಯಾಲ ಕುಂತು ಮೊಬೈಲದಾಗ ನೋಡು, ಆವಾಜ್ ಬಂದ್ ಮಾಡಿ ಅನ್ನುತ್ತೇನೆ, ಆವಾಜ್ ಇಲ್ಲದ ಕ್ರಿಕೆಟ್ ಅಂದ್ರ ಉಪ್ಪಿಲ್ಲದ ಸಾರು ಅವ್ವಾ, ಉಪ್ಪಿಲ್ಲದ ಸಾರು ಉಂಡೇ ಇಷ್ಟೆತ್ತರ ಬೆಳೆದೀಯಪ್ಪಾ, ಏಳು. ಬೇರೆ ಜಾಗ ಕೊಡಿ ಅಂದರಲ್ಲ ಸಭೆಯಲ್ಲಿ, ಒಂದೇ ಖೋಲಿಯ ಮನೆಯಲ್ಲಿ ಜಾಗ ಹೀಗೆ ಮಾಡಿ ಕೊಟ್ಟಿದ್ದೇವೆ, ಅಪ್ಪನನ್ನು ಹೊರಗೆ ಹಾಕಿ. ಅವರು ಹೇಳಿದ್ದನ್ನೂ ಮಾಡಿ ನೋಡಿದೆವು, ಒಂದು ಸಂಜೆ ಮನೆಯೆಲ್ಲ ಮರಾಠಿ, ನಾನು ಮೆಟ್ಟಿಲ ಮೇಲೆ ಮಗನ ಜಾಗದಲ್ಲಿ, ಒಳಗಿನಿಂದ ಪಾಣೀ ದೇ, ಘೇ, ನೀರು ಕೊಡು, ತಗೋ, ಭಾಕರೀ ಪಾಯಿಜೇ ಕಾ, ನಕೋ, ರೊಟ್ಟಿ ಬೇಕಾ, ಬೇಡ, ಅಷ್ಟು ಆದ ಮೇಲೆ ಮಾತೇ ಇಲ್ಲ, ಮೂವರೂ ಸುಮ್ಮನೆ ಅಗಿಯುವ ಸದ್ದು, ನೆರೆಮನೆಯವರ ಕುಕ್ಕರು ನಮ್ಮವರಿಗಿಂತ ಹೆಚ್ಚು ಮಾತಾಡುತ್ತಿತ್ತು, ಕೊನೆಗೆ ಹಾಲು ಉಕ್ಕಿತು, ಹಾಲು ಹೋತು, ಹಾಲು ಹೋತು ಅಂತ ಕನ್ನಡದಲ್ಲೇ ಚೀರಿದವಳು ಶರಣಮ್ಮ, ಮಾಯಾ ನಕ್ಕಳು, ಆ ಸಂಜೆ ಅವಳು ನಕ್ಕದ್ದು ಅಷ್ಟೇ, ಕಿಂಡಿ ಕಂಡದ್ದು ಅಷ್ಟೇ.

ಬಂದಳು ಶರಣಮ್ಮ, ದಡಬಡಿಸಿಕೊಂಡು, ಕಾರ್ಖಾನೆಯಲ್ಲಿ ಕೂದಲಿಗೆ ಹಾಕುವ ಪ್ಲಾಸ್ಟಿಕ್ಕಿನ ಟೊಪ್ಪಿಗೆ ತೆಗೆಯುವುದನ್ನೂ ಮರೆತು, ಅತ್ತೀ, ಏನಾಗ್ಯಾದ್ರಿ, ಏನೂ ಆಗಿಲ್ಲ, ಟೊಪಿಗಿ ತಗಿ, ಒಳಗ ನಡಿ, ನನ್ನ ಮುಖ ನೋಡುತ್ತಿಲ್ಲ ಅವಳೂ, ತಿಕೀಟಿನ ಮಾತಿಗೆ ತಲೆಯಾಡಿಸಿದವಳಲ್ಲವೇ, ಏನು ಹೇಳುತ್ತಾಳೋ, ಹ್ಞೂಂ ಅಂದುಬಿಟ್ಟರೆ ನಾನು ಐತವಾರ ಹೋಗಬೇಕು, ಹೋಗುವುದಿಲ್ಲ, ರೈಲಿನ ಬಾಗಿಲಿನಿಂದ ಇಳಿದು ಬರುತ್ತೇನೆ, ಮೆಟ್ಟಿಲ ಮೇಲಾದರೂ ಕೂಡುತ್ತೇನೆ. ಬಾಯಿ ಇಬ್ಬರಿಗೂ ಕುರ್ಚಿ ತೋರಿಸಿದರು, ನಾನು ಮೊದಲು ಕುಳಿತೆ, ಅವರು ಸೊಸೆಯ ಕಡೆಗೇ ತಿರುಗಿ ನಿಧಾನವಾಗಿ ಹೇಳುತ್ತಿದ್ದಾರೆ, ಹುಡುಗಿಗೆ ಬರೆಯಲು ಬರುತ್ತದೆ, ಲೆಕ್ಕ ಬರುತ್ತದೆ, ಆದರೆ ಎದ್ದು ನಿಂತರೆ ತುಟಿ ಬಿಚ್ಚುವುದಿಲ್ಲ, ಹೀಗಾದರೆ ಕೆಳಗಿನ ಮಕ್ಕಳ ಜೊತೆ ಕೂಡಿಸಬೇಕಾಗುತ್ತದೆ, ಅಜ್ಜಿ ಊರಿಗೆ ಹೋಗುವವರಿದ್ದರಲ್ಲ — ಕೆಳಗಿನ ಮಕ್ಕಳ ಜೊತೆ, ಹಿಂದಿನ ಸಾಲು, ಬಾಗಿಲು, ಉಸುಕು, ನಾನು ಬಾಯಿ ತೆರೆಯುವಷ್ಟರಲ್ಲಿ ಶರಣಮ್ಮ ತೆರೆದಳು, ಸೊಟ್ಟ ಮರಾಠಿಯಲ್ಲಿ, ಬಾಯಿ, ತೀ ಮಲಾ ಅವ್ವಾ ಮ್ಹಣತೇ, ಅವಳು ನನಗೆ ಅವ್ವ ಅನ್ನುತ್ತಾಳೆ, ಆಯಿ ಹ್ಯಾಚ್, ಆಯಿ ಇವರೇ, ಅಂತ ನನ್ನ ಮೊಣಕಾಲ ಮೇಲೆ ಕೈಯಿಟ್ಟಳು, ನೀವು ಆಯಿಯ ಬಗ್ಗೆ ಕೇಳಿದಿರಿ, ಅವಳು ಆಯಿಯ ಬಗ್ಗೆ ಹೇಳಿದಳು, ಆಮೇಲೆ ಮರಾಠಿ ಸಾಲದೆ ನನ್ನ ಕಡೆ ತಿರುಗಿ, ಅತ್ತೀ, ನೀವೇ ಹೇಳ್ರಿ, ಹಲ್ಲಿಲ್ಲ ಅಂದದ್ದು ಖರೇನೇ ಅದ ಅಂತ ಹೇಳ್ರಿ, ಆ ತಿಕೀಟ ನಾ ವಾಪಸ್ ಮಾಡಸ್ತೀನಿ, ನಾ ಹ್ಞೂಂ ಅನ್ನಾಕ ಕುಂತ್ರ ನಿದ್ದಿ ಬರ್ತದ, ನೀವಿಲ್ಲಂದ್ರ ಯಾರ್ರಿ ಅನ್ನೋರು. ಹೇಳುವುದೇಕೆ, ಸೆರಗು ಸರಿಸಿ ಬಾಯಿ ತೆರೆದು ತೋರಿಸಿದೆ, ಬಾಯಿಗೇ ಬಾಯಿ, ನೋಡು ತಂಗಿ, ದಾತ ನಾಹೀತ. ಅವರು ನೋಡಿದರು. ಕಿವಿಯ ತುದಿ ಕೆಂಪಾಯಿತು, ಮ್ಹಣಜೇ ತೀ, ಅಂದರೆ ಅವಳು ಅಂತ ಏನೋ ಹೇಳಲು ಹೋಗಿ ಅರ್ಧಕ್ಕೇ ಬಿಟ್ಟು, ಪೆನ್ನು ಇಟ್ಟು, ತಾವೇ ಎದ್ದು ಹೋಗಿ ಮಾಯಾಳನ್ನು ಕರೆದುಕೊಂಡು ಬಂದರು, ಮರಾಠಿ ಅಂತೂ ಗಟ್ಟಿ ಆಗಲೇಬೇಕು ಆಜೀ ಅಂದರು ಬರುತ್ತಲೇ, ಆಗಲಿ, ಕಲಿಸು, ಬೇಡ ಅಂದವರು ಯಾರು, ಕೂಡಿಸಬೇಡ ಅಷ್ಟೇ, ನಿಲ್ಲಿಸು. ಈಗ ನಿಲ್ಲಿಸಿದ್ದಾರೆ, ಮೇಜಿನ ಪಕ್ಕ, ಅವಳ ಎತ್ತರಕ್ಕೆ ತಾವು ಬಗ್ಗಿ, ಸಾಂಗ್ ಬಾಳಾ, ಹೇಳು ಮಗೂ, ಆಯೀಲಾ ದಾತ ನಾಹೀತ, ಪುಢೇ, ಮುಂದೆ. ಮಾಯಾ ಅವ್ವನನ್ನು ನೋಡಿದಳು, ಬಾಯಿಯನ್ನು ನೋಡಿದಳು, ತುಟಿಗಳು ಇನ್ನೂ ಒಳಗೇ ಇವೆ, ನನ್ನ ತುಟಿಗಳ ಹಾಗೆ, ಖಿಚಡಿಯ ಕರಕಲು ವಾಸನೆ ಕೋಣೆ ತುಂಬಿದೆ, ಯಾರೂ ನಗುತ್ತಿಲ್ಲ, ನಕ್ಕರೂ ಹೇಳು, ನನ್ನವ್ವಾ, ಅವರು ನಕ್ಕು ಮುಗಿಸುವ ತನಕ ನಿಂತುಕೊಂಡೇ ಇದ್ದು ಹೇಳು, ನನ್ನ ಕಡೆ ತಿರುಗಿದಳು, ಹ್ಞೂಂ ಅಂದೆ ನಾನು, ಹ್ಞೂಂ — ತುಟಿ ಬಿಚ್ಚಿತು, ಕಿಂಡಿ, ಕೆಂಪು ಕಿಂಡಿ, ಆ ಕಿಂಡಿಯಲ್ಲಿ ನಾಲಗೆಯ ತುದಿ, ಮಾಝೀ ಆಯಿ —