ನೀರು ಹೊಯ್ದರೂ ಹಸಿರಾಗದ ಕಲ್ಲು

ಮಸ್ಕಿಯ ಹೊರಗೆ ನಮ್ಮೂರ ಗುಡ್ಡವಿದೆ, ಬುಡದಲ್ಲಿ ಸಣ್ಣದೊಂದು ಗುಡಿ. ಮನೆಯಲ್ಲಿ ಯಾರಿಗಾದರೂ ಜಡ್ಡಾಗಿ ವಾಸಿಯಾದರೆ ಗುಡ್ಡದ ಒಂದು ಕಲ್ಲನ್ನು ತಿಕ್ಕಿ ತೊಳೆದು ಸುಣ್ಣ ಬಳಿಯುವುದು ನಮ್ಮಲ್ಲಿ ಹರಕೆ. ಮೊದಲು ತೆಂಗಿನಕಾಯಿಯಷ್ಟು ಕಲ್ಲು ಸಾಕಿತ್ತು. ಈಗ ಒಬ್ಬರಿಗಿಂತ ಒಬ್ಬರಿಗೆ ದೊಡ್ಡ ಗುಂಡುಕಲ್ಲು ಬೇಕು, ತಂತಿ ಬ್ರಷ್ ಬೇಕು, ಆಸಿಡ್ ಬೇಕು. ಹೀಗೆ ಗುಡ್ಡವೆಲ್ಲ ಬೆಳ್ಳಗಾಗಿ, ತೊಳೆಯದೆ ಉಳಿದದ್ದು ಒಂದೇ ಗುಂಡು.

ಈ ಶ್ರಾವಣದಲ್ಲಿ ಅದರ ಮೇಲೂ ನಮ್ಮ ಕಣ್ಣು ಬಿತ್ತು. ನನ್ನ ನೆಗೆಣ್ಣಿ ಹೊನ್ನೂರಮ್ಮನ ಮೊಮ್ಮಗಳು ಕಾಮಾಲೆಯಿಂದ ಬದುಕಿ ಉಳಿದಿದ್ದಳು. ಹೊನ್ನೂರಮ್ಮ, ಅವಳ ಮಗ ದುರುಗೇಶ, ನಾನು ಬಕೀಟು ಹೊತ್ತು ಹತ್ತಿದೆವು. ದುರುಗೇಶ ಗುಂಡಿನ ಹಿಂದೆ ಹೋಗಿ ತಿಕ್ಕತೊಡಗಿದ. ನಾವಿಬ್ಬರು ಈಚೆ ಕೂತು ಸುಣ್ಣ ಕಲಸುತ್ತಿದ್ದೆವು.

ಅಷ್ಟರಲ್ಲಿ ಜಯಶ್ರೀ ಏದುಸಿರು ಬಿಡುತ್ತ ಬಂದಳು. ನಮ್ಮೂರ ಮಗಳು, ಲಿಂಗಸುಗೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ.

"ಚಿಗವ್ವ, ಇದೊಂದು ಬಿಡ್ರಿ. ಕೈ ಮುಗಿತೀನಿ."

"ಯಾಕವ್ವ? ಕಲ್ಲಿಗೆ ಚಿಬ್ಬು ಹತ್ತೇತಿ. ತೊಳದ್ರ ದೇವರೇನು ಸಿಟ್ಟಾಗ್ತಾನ?" ಎಂದಳು ಹೊನ್ನೂರಮ್ಮ.

"ಚಿಬ್ಬಲ್ರೀ, ಕಲ್ಲುಹೂ. ಮಸಾಲಿಗೆ ಹಾಕ್ತೀರಲ್ಲ, ಅದರ ಬಳಗ. ಬೂದಿ ಬಣ್ಣದ್ದು, ಅರಿಶಿಣದಂಥದ್ದು, ಕರೇದು, ಈ ಒಂದು ಗುಂಡಿನ ಮ್ಯಾಲೆ ಹದಿನೇಳು ಥರ ಎಣಿಸೀನಿ. ಬೇರಿಲ್ಲ. ಮಳಿ, ಇಬ್ಬನಿ, ಗಾಳಿ ನಂಬಿ ಬದುಕತಾವ. ವರ್ಷಕ್ಕ ಅಕ್ಕಿಕಾಳಿನ ದಪ್ಪ ಬೆಳದ್ರ ಹೆಚ್ಚು. ಇಲ್ಲಿ ರೊಟ್ಟಿಯಷ್ಟು ಅಗಲ ಐತಲ್ಲ, ಇದು ನಿಮ್ಮ ಅಜ್ಜಿ ಕಾಲದ್ದು."

"ಇರಲಿಬಿಡು. ಅದರಿಂದ ನಮಗೇನು?"

"ಕಲ್ಲನ್ನ ಸವಕಳಿ ಮಾಡಿ ಮಣ್ಣು ಮಾಡೋವು ಇವ. ಆ ಮಣ್ಣಾಗ ಹುಲ್ಲು ಬರತೈತಿ, ಆ ಹುಲ್ಲಿಗೆ ನಿಮ್ಮ ಆಡು ಬರತಾವ."

ಹೊನ್ನೂರಮ್ಮ ನನ್ನ ಕಡೆ ತಿರುಗಿ ನಕ್ಕಳು. "ನೋಡ ಅಯ್ಯಮ್ಮಕ್ಕ, ಒಣಗಿ ಸತ್ತದ್ದನ್ನ ಹಿಡ್ಕೊಂಡು ಅಳಾಕತ್ತಾಳ."

ಜಯಶ್ರೀ ಕಲ್ಲಿನ ಹತ್ತಿರ ಕೂತಳು. ತನ್ನ ಬಾಟಲಿಯ ನೀರನ್ನು ಬೂದಿ ಬಣ್ಣದ ಕಲೆಯ ಮೇಲೆ ಮೆಲ್ಲಗೆ ಸುರಿದಳು. ನಾವು ನೋಡುತ್ತಿದ್ದಂತೆಯೇ ಅದು ಹಸಿರಾಯಿತು.

ಹೊನ್ನೂರಮ್ಮ ಸುಣ್ಣದ ಕೈಯಲ್ಲೇ ಎದ್ದು ನಿಂತಳು. "ಅಯ್ಯ ನಮ್ಮವ್ವ, ಜೀವ ಐತಲ್ಲ ಇದಕ್ಕ! ದುರುಗೇಶಾ, ನಿಂದ್ರಲೇ!"

ದುರುಗೇಶ ಹಿಂದಿನಿಂದ ಬಂದ. ಕೈಯಲ್ಲಿ ಖಾಲಿಯಾದ ಆಸಿಡ್ ಡಬ್ಬಿ. "ಮೂರೂ ಕಡೆ ಆತಬೇ. ಇದೊಂದ್ ಕಡೆ ಉಳದೈತಿ."

ಹೊನ್ನೂರಮ್ಮ ಬಕೀಟು ಎತ್ತಿಕೊಂಡು ಹಿಂದೆ ಓಡಿದಳು. ತೊಳೆದ ಕಲ್ಲಿನ ಮೇಲೆ ನೀರು ಹೊಯ್ದು ಕಾದಳು. ಮತ್ತೆ ಹೊಯ್ದಳು. ಕಲ್ಲು ಒದ್ದೆಯಾಯಿತು, ಅಷ್ಟೆ.

"ಮತ್ತ ಯಾವಾಗ ಬರತೈತೆ ಜಯಶ್ರೀ?"

"ನೀವು ನೋಡಂಗಿಲ್ಲ ಚಿಗವ್ವ. ನಿಮ್ಮ ಮೊಮ್ಮಗಳೂ ನೋಡಂಗಿಲ್ಲ."

ಕಲಸಿದ ಸುಣ್ಣವನ್ನು ಕೆಳಗಿಳಿಸಿ ಗುಡಿಯ ಗೋಡೆಗೆ ಬಳಿದೆವು. ಹರಕೆ ಅಲ್ಲಿಗೇ ಸಂದಿತು. ಈ ಬುದ್ಧಿ ಮೊದಲೇ ಯಾಕೆ ಬರಲಿಲ್ಲವೋ! ನನ್ನ ಮಗನ ಜ್ವರ ಬಿಟ್ಟ ವರ್ಷ ನಾನೂ ಒಂದು ಗುಂಡು ತೊಳೆದು ಊರೆಲ್ಲ ಹೇಳಿಕೊಂಡು ಮೆರೆದವಳು. ಅದಕ್ಕೀಗ ಹನ್ನೆರಡು ವರ್ಷ. ಮೊನ್ನೆ ಒಬ್ಬಳೇ ಹೋಗಿ, ಸುಣ್ಣ ಉದುರಿದ ಕಡೆ ಒಂದು ಚೊಂಬು ನೀರು ಹಾಕಿ ಬಿಸಿಲೇರುವವರೆಗೆ ಕೂತಿದ್ದೆ. ಏನೂ ಇಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿಗೂ ಒಂದು ಗುಡ್ಡವಿರುತ್ತದೆ. ಹರಕೆಯ ಸುಣ್ಣ ಗುಡಿಯ ಗೋಡೆಗಿರಲಿ. ಕಲ್ಲಿನ ಹತ್ತಿರ ಬ್ರಷ್ ಬೇಡ, ಆಸಿಡ್ ಬೇಡ, ಬಣ್ಣವೂ ಬೇಡ. ನಂಬಿಕೆ ಬರದಿದ್ದರೆ ಒಂದು ಚೊಂಬು ನೀರು ಒಯ್ದು ಹಾಕಿ ನೋಡಿ. ನಿಮ್ಮ ಕಲ್ಲು ಇನ್ನೂ ಹಸಿರಾಗಬಹುದು. ನಾವು ತೊಳೆದದ್ದು ಆಗಲಿಲ್ಲ.