ಇರುವೆ ಹತ್ತಿದ ಐದು ಗೆರೆ

ಕೊಪ್ಪದ ಕುಸುಮಳ ಕಿವಿ ಎಂಥದ್ದೆಂದರೆ, ತಿರುವಿನಲ್ಲಿ ಬಸ್ಸು ಹಾರನ್ ಹೊಡೆದರೆ ಸಾಕು, ಮನೆಗೆ ಬಂದು ಅದನ್ನೇ ಕೀಬೋರ್ಡಿನಲ್ಲಿ ಒತ್ತಿ ತೋರಿಸುವಳು. ಆ ಕಿವಿಯೇ ಅವಳಿಗೆ ಮುಳುವಾಯಿತು.

ಮದ್ದೂರಿನಲ್ಲಿ ನಜೀರ್ ಅಹ್ಮದರ ಸ್ಕೂಟರ್ ಗ್ಯಾರೇಜಿನ ಮಹಡಿಯಲ್ಲಿ ಅವರ ಮಗಳು ನುಜ್ಹತ್ ಪಿಯಾನೊ ಹೇಳಿಕೊಡುತ್ತಿದ್ದಳು. ಹೊಸ ಪಾಠ ಬಂದಾಗಲೆಲ್ಲ ಕುಸುಮ, "ಮೇಡಂ, ಒಂದ್ಸಲ ನೀವ್ ನುಡ್ಸಿ, ಕೇಳಕ್ಕೆ ಚೆಂದ" ಎನ್ನುವಳು. ಮೇಡಂ ಉಬ್ಬಿ ನುಡಿಸುವಳು. ಆಮೇಲೆ ಕುಸುಮ, ಐದೈದು ಗೆರೆಗಳ ಮೇಲೆ ಚುಕ್ಕೆಯಿಟ್ಟು ಸ್ವರ ಬರೆದ ಹಾಳೆಯ ಮೇಲೆ ಓದುವವಳಂತೆ ಕಣ್ಣು ನೆಟ್ಟು, ಕಿವಿಗೆ ಬಿದ್ದದ್ದನ್ನು ಹಾಗೇ ಒಪ್ಪಿಸುವಳು. ವರ್ಷವೆಲ್ಲ ಹೀಗೇ ಸಾಗಿತು. ಒಂದು ದಿನ ಫ್ಯಾನಿನ ಗಾಳಿಗೆ ಹಾಳೆ ಹಾರಿ ಬೀರುವಿನ ಹಿಂದೆ ಬಿತ್ತು. ಕುಸುಮ ಖಾಲಿ ಸ್ಟ್ಯಾಂಡನ್ನೇ ನೋಡುತ್ತ ನುಡಿಸುತ್ತಲೇ ಇದ್ದಳು.

"ಏನಮ್ಮಾ, ಗೋಡೆ ಮೇಲೂ ಬರೆದಿದ್ದಾರಾ?" ಎಂದಳು ನುಜ್ಹತ್.

ಕುಸುಮಳ ಬೆರಳು ನಿಂತವು.

"ಭಾನುವಾರ ನೀನು ಕೇಳೇ ಇಲ್ಲದ ಹಾಳೆ ಇಡ್ತೀನಿ. ನಿಲ್ಲದೆ ಓದಿ ನುಡಿಸಿದ್ರೆ ಪಿಯಾನೊ ಪರೀಕ್ಷೆಗೆ ನಿನ್ನ ಹೆಸರು ಕಳಿಸ್ತೀನಿ. ಇಲ್ಲಾಂದ್ರೆ ಇಲ್ಲ."

ಆ ಪರೀಕ್ಷೆ ಪಾಸಾಗದಿದ್ದರೆ ಮಂಡ್ಯದ ಶಾಲೆಯೊಂದು ಕೊಡುತ್ತೇನೆಂದಿದ್ದ ಸಂಗೀತ ಟೀಚರ್ ಕೆಲಸವೂ ಇಲ್ಲ.

ಹಾಳೆಯಲ್ಲಿ ನುಡಿಸಿ ಆದದ್ದನ್ನು ಮುಚ್ಚುತ್ತ ಹೋದರೆ ಕಣ್ಣು ತಾನಾಗೇ ಮುಂದೆ ಓಡುತ್ತದೆಂದು ಮೇಡಂ ಹೇಳಿದ್ದಳು. ಮುಚ್ಚುವ ಕೆಲಸಕ್ಕೆ ಅತ್ತೆ ಚಿಕ್ಕಬೋರಮ್ಮ ಬೀಸಣಿಗೆ ಹಿಡಿದು ನಿಂತಳು. ಸೊಸೆ ಒಂದು ಸ್ವರ ಒತ್ತುವಷ್ಟರಲ್ಲಿ ಎರಡು ಮುಚ್ಚುವಳು.

"ಅತ್ತೆ, ಒಸಿ ನಿದಾನ!"

"ಇಂದಕ್ಕೇನ್ ನೋಡೀಯೆ? ಕಂಡುದ್ದ ಒತ್ತು, ಮುಂದ್ಕೋಗು. ತೆಪ್ಪಾದ್ರೆ ಆಗ್ಲಿ ಬುಡು, ನಿಂತ್ಕಂಡೆ ಅಂದ್ರೆ ನೋಡು, ತಲೆ ಮ್ಯಾಕ್ ಬುಟ್ಟೇನು!"

ಏಟು ಬೀಳುವ ಭಯಕ್ಕೋ ಏನೋ, ವಾರ ಮುಗಿಯುವಷ್ಟರಲ್ಲಿ ಗೆರೆಗಳ ಮೇಲಿನ ಕರಿ ಚುಕ್ಕೆಗಳು ಅವಳ ಗುರುತು ಹಿಡಿದು ಮಾತಾಡತೊಡಗಿದವು.

ಭಾನುವಾರ ಹೊರಟವಳ ಕೈಗೆ ಅತ್ತೆ ಆಲೆಮನೆಯ ಹೊಸ ಬೆಲ್ಲದ ಪೊಟ್ಟಣ ಇಟ್ಟಳು. "ಬೆಲ್ಲ ತಿಂದ್ ಬಾಯಿ ಇಲ್ಲ ಅನ್ನಕಿಲ್ಲ ಕಣವ್ವ, ಮೊದ್ಲು ತಿನ್ಸು."

ನುಜ್ಹತ್ ಎರಡು ಅಚ್ಚು ತಿಂದಳು. ಅದೇ ಅಂಟುಗೈಯಲ್ಲಿ ಹಾಳೆ ಇಟ್ಟು, "ಈಗ ಓದು. ಕೊನೇಲಿ ಎರಡು ಚುಕ್ಕೆ ಇದೆ, ಮತ್ತೆ ಮೊದಲಿಂದ ನುಡಿಸಬೇಕು" ಎಂದು ಕಿಟಕಿಯ ಬಳಿ ಕುಳಿತಳು.

ಕುಸುಮ ಶುರುಮಾಡಿದಳು. ಎರಡನೇ ಸಾಲಿನ ಕೆಳಗೆರೆಯ ಮೇಲೆ, ಮಿಕ್ಕವುಗಳಿಗಿದ್ದಂತೆ ಕಡ್ಡಿಯಿಲ್ಲದ ಕರಿ ಚುಕ್ಕೆಯೊಂದಿತ್ತು. ಇದು ಹೊಂದುತ್ತಿಲ್ಲ ಎಂದಿತು ಕಿವಿ. ಇದೆಯಲ್ಲ ಎಂದಿತು ಕಣ್ಣು. ಬೀಸಣಿಗೆ ನೆನಪಾಗಿ ಆ ಗೆರೆಯ ಸ್ವರ 'ಗ' ಒತ್ತಿ ಮುಂದೆ ನಡೆದಳು. ನುಜ್ಹತಳ ಹುಬ್ಬು ಗಂಟಾಯಿತು. ಮತ್ತೆ ಮೊದಲಿಂದ ನುಡಿಸಿ ಅಲ್ಲಿಗೆ ಬಂದಾಗ ಆ ಚುಕ್ಕೆ ನಡುಗೆರೆಯಲ್ಲಿತ್ತು! ಇದೆಂಥ ಹಾಳೆಯಪ್ಪಾ ಎಂದುಕೊಂಡರೂ ಬೆರಳು ನಿಲ್ಲಿಸದೆ 'ನಿ' ಒತ್ತಿದಳು.

ನುಡಿಸಿ ಮುಗಿಸಿದಳು. ಕೆಳಗೆ ನಜೀರ್ ಅಹ್ಮದರು ಸ್ಟಾರ್ಟ್ ಆಗದ ಸ್ಕೂಟರಿಗೆ ಒದೆಯುತ್ತಿದ್ದರು.

"ಅಲ್ಲಿ ಸ್ವರವೇ ಇಲ್ವಲ್ಲ. ಮೊದಲು 'ಗ' ಅಂದೆ, ಆಮೇಲೆ 'ನಿ' ಅಂದೆ. ಏನಿದು?" ಎಂದಳು ನುಜ್ಹತ್.

"ಇತ್ತು ಮೇಡಂ, ನಮ್ಮತ್ತೆ ಆಣೆಗೂ!"

ನುಜ್ಹತ್ ಎದ್ದು ಬಂದು ಬಗ್ಗಿ ನೋಡಿದಳು. ಹಾಳೆಯ ಮೂಲೆಯಲ್ಲಿ ಅವಳ ಹೆಬ್ಬೆರಳ ಬೆಲ್ಲದ ಗುರುತು. ಅದರತ್ತ ಗೆರೆ ಗೆರೆ ದಾಟಿ ಹತ್ತುತ್ತಿತ್ತು ಒಂದು ಕರಿ ಇರುವೆ.

ನುಜ್ಹತ್ ನಕ್ಕ ನಗುವಿಗೆ ಕೆಳಗಿನ ಒದೆತವೂ ನಿಂತಿತು. "ಕಿವೀಲಿ ನುಡಿಸೋಳು ಇರುವೆ ನುಡಿಸ್ತಾಳೇನೇ! ನೀನು ಓದೇ ನುಡಿಸಿದ್ದು. ಹೋಗು, ಇವತ್ತೇ ಹೆಸರು ಕಳಿಸ್ತೀನಿ."

ಕುಸುಮ ಬೆವರು ಒರೆಸಿಕೊಂಡಳು. ಇರುವೆಯನ್ನು ಮೆಲ್ಲಗೆ ಊದಿ ಕಳಿಸಿ ಕೈಕಟ್ಟಿ ಕುಳಿತಳು.

"ಮೇಡಂ, ಇರುವೆ ಇಲ್ದಂಗೆ ಒಂದ್ಸಲ ನೀವ್ ನುಡ್ಸಿ. ಕೇಳಕ್ಕೆ ಚೆಂದ."

"ಎದ್ದೇಳೇ ಮೇಲೆ!" ಎಂದಳು ನುಜ್ಹತ್.