ಸವತಿಯ ಮುಖ

ದೇವಕ್ಕನ ಕೊರಳಲ್ಲಿ ಮಂಗಳಸೂತ್ರದ ಪಕ್ಕದಲ್ಲೇ ಅವಳ ಸವತಿ ತೂಗಾಡುತ್ತಿದ್ದಳು. ಎರಡನೆಯ ಸಂಬಂಧಕ್ಕೆ ಬಂದವಳು ಸತ್ತ ಮೊದಲ ಹೆಂಡತಿಯ ರೂಪವನ್ನು ಬೆಳ್ಳಿಯಲ್ಲಿ ಕಟ್ಟಿಕೊಳ್ಳಬೇಕು, ಇಲ್ಲದಿದ್ದರೆ ಆಕೆ ಕಾಟ ಕೊಡುತ್ತಾಳೆ ಎಂಬುದು ಅವರ ಮನೆತನದ ಪದ್ಧತಿ. ಮದುವೆಯ ದಿನ ಅತ್ತೆ ಕಟ್ಟಿದ ಬಿಲ್ಲೆಯಲ್ಲಿ ಕುರ್ಚಿಯ ಮೇಲೆ ಕೂತ ಹೆಂಗಸೊಬ್ಬಳಿದ್ದಳು. ಅವಳೇ ಬಸಲಿಂಗವ್ವ. ಊರು ಬಿಟ್ಟು ಬಂದು ನೆಲೆಸಿದ ಭಾಂಡುಪಿನ ಚಾಳಿನಲ್ಲಿ ದಿನವೂ ಅವಳಿಗೆ ಕುಂಕುಮ ಹಚ್ಚಿದ ಮೇಲೆಯೇ ದೇವಕ್ಕ ತನ್ನ ಹಣೆಗೆ ಹಚ್ಚಿಕೊಳ್ಳುವುದು. ಹೊಸ ಸೀರೆ ತಂದರೂ ಮೊದಲು ಅವಳಿಗೆ ತೋರಿಸಬೇಕು. ಸತ್ತವಳ ಗತ್ತೇ ಗತ್ತು!

ಮುಲುಂಡಿನಲ್ಲಿ ದೇವಕ್ಕ ಅಡುಗೆ ಮಾಡುವ ಮನೆಯ ಸತ್ಯಮೂರ್ತಿಯವರಿಗೆ ಹಳೆಯ ನಾಣ್ಯಗಳ ಹುಚ್ಚು. ಅಂದು ರೊಟ್ಟಿ ಬಡಿಸಲು ಬಾಗಿದವಳ ಸರ ಕಂಡದ್ದೇ ತಡ, ಭೂತಗನ್ನಡಿ ತಂದರು.

"ಇದು ರೋಮ್ ನಾಣ್ಯ ಕಣಮ್ಮ! ಎರಡು ಸಾವಿರ ವರ್ಷದ್ದು. ಹಿಂದುಗಡೆ ನೋಡು, ತಲೆಗೆ ಎಲೆ ಕಿರೀಟ. ಟೈಬೀರಿಯಸ್ ಅಂತ ಚಕ್ರವರ್ತಿ."

"ಗಂಡಸೇನ್ರೀ?" ದೇವಕ್ಕ ಸೆರಗು ಎಳೆದುಕೊಂಡಳು. ಆ ಮಗ್ಗುಲು ಇಷ್ಟು ವರ್ಷವೂ ಅವಳ ಎದೆಗೆ ಒತ್ತಿಕೊಂಡೇ ಇತ್ತು. "ಮತ್ತ ಈಕಿ?"

"ಒಂದು ಕೈಲಿ ರಾಜದಂಡ, ಇನ್ನೊಂದ್ರಲ್ಲಿ ಕೊಂಬೆ. ಶಾಂತಿದೇವತೆ ಅಂತಾರೆ, ರಾಜನ ತಾಯಿ ಅಂತಲೂ ಅಂತಾರೆ. ನನ್ನ ಆಳ್ವಿಕೇಲಿ ಎಲ್ಲಾ ಶಾಂತ ಅಂತ ಅವನು ಸಾರಿದ್ದು. ಅಡ್ವರ್ಟೈಸ್‌ಮೆಂಟ್ ಅನ್ಕೋ!"

ಮನೆಗೆ ಮರಳಲು ಲೋಕಲ್ ರೈಲು ಹತ್ತಿದ ದೇವಕ್ಕನಿಗೆ ತಲೆ ಕೆಟ್ಟು ಮೊಸರು ಗಡಿಗೆಯಾಗಿತ್ತು. ಊರ ಅಕ್ಕಸಾಲಿಗ ಹೊಸದು ಮಾಡುವ ಸೋಮಾರಿತನಕ್ಕೆ ಕೈಗೆ ಸಿಕ್ಕ ಬಿಲ್ಲೆಗೇ ಕೊಂಡಿ ಬೆಸೆದು ಕೊಟ್ಟಿರಬೇಕು. ಹಾಗಾದರೆ ಆ ಕುಂಕುಮವೆಲ್ಲ ಯಾವುದೋ ರಾಜನ ತಾಯಿಗೆ ಹೋಯಿತೇ? ಬಸಲಿಂಗವ್ವ ಇಷ್ಟು ದಿನ ಎಲ್ಲಿದ್ದಳು? ಪೂಜೆಯಿಲ್ಲದೆ ಸಿಟ್ಟಾಗಬೇಕಾದವಳು ಯಾಕೆ ಸುಮ್ಮನಿದ್ದಳು? ಇದನ್ನು ಬಿಚ್ಚಿದರೆ ಕಾಟವೋ, ಕಟ್ಟಿಕೊಂಡರೆ ಕಾಟವೋ? ಅವಳ ನಿಜವಾದ ರೂಪ ತಿಳಿದರೆ ಹೊಸದು ಮಾಡಿಸಬಹುದಿತ್ತು. ಆದರೆ ಅವಳ ಒಂದು ಫೋಟೋ ಕೂಡ ಇರಲಿಲ್ಲ. ಅತ್ತೆಯೂ ತೀರಿಕೊಂಡ ಮೇಲೆ, ಅವಳನ್ನು ಹತ್ತಿರದಿಂದ ಕಂಡವರಲ್ಲಿ ಉಳಿದವನು ಗಂಡ ಶಾಂತಪ್ಪ ಒಬ್ಬನೇ.

ಗಂಡನೆದುರು ದೇವಕ್ಕ ಆ ಹೆಸರನ್ನು ಎಂದೂ ಎತ್ತಿದವಳಲ್ಲ. ಅಂದು ಸಂಜೆ ಚಹಾದ ಕಪ್ಪು ಕೈಗಿಟ್ಟು, ಸತ್ಯಮೂರ್ತಿಯವರು ಹೇಳಿದ್ದನ್ನೆಲ್ಲ ಒದರಿ, ಕೇಳಿಯೇಬಿಟ್ಟಳು.

"ಖರೇ ಹೇಳ್ರಿ. ಬಸಲಿಂಗಕ್ಕ ನೋಡಾಕ ಹೆಂಗಿದ್ಲು?"

ಶಾಂತಪ್ಪ ಕಪ್ಪನ್ನು ಕೆಳಗಿಟ್ಟ. ಆಮೇಲೆ ಅವಳ ಕೊರಳ ಕಡೆ ಬೆರಳು ಮಾಡಿದ. "ಅದರಾಗ ಅದಾಳಲ್ಲ, ಹಂಗ ಇದ್ಲು."

"ಕೈಯಾಗ ರಾಜದಂಡ ಹಿಡ್ಕೊಂಡು ಕುರ್ಚಿ ಮ್ಯಾಲ ಕುಂದರತಿದ್ಲೇನ್ರಿ ಅಕಿ?"

"ನೆಪ್ಪಾಗವಲ್ದು," ಎಂದ ಶಾಂತಪ್ಪ. ಅವನ ದನಿ ಕುಗ್ಗಿತ್ತು. "ದಿನಾ ಇದನ್ನ ನೋಡಿ ನೋಡಿ, ಅಕಿ ಮಾರಿ ಹೋಗೇಬಿಡ್ತು."

ದೇವಕ್ಕನಿಗೆ ದುಃಖ ಒತ್ತರಿಸಿ ಬಂತು. ಹೊಟ್ಟೆಕಿಚ್ಚು ಪಡಲಿಕ್ಕಾದರೂ ಒಂದು ಮುಖ ಬೇಕಿತ್ತು. ಸವತಿಯ ನೆನಪಿಗೆ ಅವಳು ಅತ್ತದ್ದು ಅದೇ ಮೊದಲು.

"ಯಾಕ ಅಳ್ತಿ?" ಶಾಂತಪ್ಪ ಗಾಬರಿಯಾದ.

"ಅಕಿ ಸಲುವಾಗಿ ಅಳಾಕತ್ತೀನೋ, ನನ್ನ ಸಲುವಾಗೋ," ಎಂದಳು ದೇವಕ್ಕ, "ನನಗೂ ತಿಳಿವಲ್ದ್ರಿ."